ಗುಳೆ ಹೋಗುವಾಗ ಮಕ್ಕಳಿಗೆ ಹೇಳಿ ಹೋಗಬೇಕೇ, ಮಲಗಿದ್ದಾಗ ಹೊರಡಬೇಕೇ?

ಕಾರಟಗಿ ಕಡೆಯ ತಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಊರು. ನಾಲ್ಕು ಎಕರೆ ಗದ್ದೆಯನ್ನು ಲೀಸಿಗೆ ಮಾಡುತ್ತೇವೆ. ವರ್ಷಕ್ಕೆ ಎರಡು ಬೆಳೆ ಭತ್ತ ಬಂದರೆ ಮೊದಲನೆಯದು ಲೀಸಿಗೂ ಗೊಬ್ಬರದಂಗಡಿಯ ಬಾಕಿಗೂ ಹೋಗುತ್ತದೆ, ಎರಡನೆಯದು ಮನೆಗೆ ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು, ಒಂದು ವಾರದೊಳಗೆ ಅಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದ್ದು ನಿಮಗೆಲ್ಲ ಗೊತ್ತಿದೆ. ಎಪ್ಪತ್ತು ವರ್ಷ ಹಳೆಯದಾದ 33 ಗೇಟುಗಳನ್ನೂ ಬದಲಿಸಬೇಕಾಗಿರುವುದರಿಂದ ಈ ಸಲ, ಅಂದರೆ 2025-26ರಲ್ಲಿ, ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಗಿದೆ. ಗೇಟು ಬದಲಾಗಲೇಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಕೇಳಬೇಕೆಂದಿರುವುದು ಮಕ್ಕಳ ವಿಷಯ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ನಾಲ್ಕೂವರೆ ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ಮಗನಿಗೆ ಹದಿನಾಲ್ಕು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾನೆ. ಅತ್ತೆಯವರು ನಮ್ಮೊಂದಿಗೇ ಇದ್ದಾರೆ. ಅವರಿಗೆ ಮೊಣಕಾಲು ನೋವಿದೆ.

ಮೊದಲ ಬೆಳೆ ಕಟಾವಾದ ಮೂರನೇ ದಿನ ನನ್ನ ಯಜಮಾನರು ಊರಿನ ನಾಲ್ವರ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೊರಟರು. ಮಗಳು ಎಚ್ಚರವಿದ್ದರೆ ಕಾಲು ಹಿಡಿದುಕೊಂಡು ಅಳುತ್ತಾಳೆ ಎಂದು ಅವಳು ಮಲಗುವವರೆಗೆ ಕಾದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಡೆದರು. ನಮ್ಮ ಕಡೆ ಗುಳೆ ಹೋಗುವವರೆಲ್ಲ ಹೀಗೆಯೇ ಹೋಗುವುದು, ಅದರಲ್ಲಿ ತಪ್ಪಿದೆ ಎಂದು ನನಗೆ ಆಗ ಅನ್ನಿಸಲೂ ಇಲ್ಲ. ಬೆಳಿಗ್ಗೆ ಎದ್ದು ಅಪ್ಪನೆಲ್ಲಿ ಎಂದು ಕೇಳಿದಾಗ ಅತ್ತೆಯವರು, "ಅಂಗಡಿಗೆ ಹೋಗ್ಯಾನವ್ವಾ, ಈಗ ಬರ್ತಾನ" ಎಂದರು. ಅವಳು ಅಳಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆವು.

ಆ ದಿನ ಮಧ್ಯಾಹ್ನ ಅಂಗನವಾಡಿ ಬಿಟ್ಟು ಎಷ್ಟು ಹೊತ್ತಾದರೂ ಅವಳು ಮನೆಗೆ ಬರಲಿಲ್ಲ. ಹುಡುಕುತ್ತ ಹೋದರೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕರೆದರೆ ಏಳಲಿಲ್ಲ. "ಅಪ್ಪ ಒಳಗ ಅದಾನ" ಎಂದಳು. ಅಂಗಡಿಯವರು ಒಳಗೆ ಕರೆದುಕೊಂಡು ಹೋಗಿ ಗೋಣಿಚೀಲಗಳ ಹಿಂದೆಯೂ ತೋರಿಸಿ ಕಳಿಸಿದರು. ಮರುದಿನವೂ ಅದರ ಮರುದಿನವೂ ಅಲ್ಲಿಯೇ ಹೋಗಿ ಕುಳಿತಳು. ನಾಲ್ಕನೇ ದಿನದಿಂದ ಅಪ್ಪನ ಹೆಸರೆತ್ತುವುದನ್ನೇ ಬಿಟ್ಟಳು.

ಅಂದಿನಿಂದ ರಾತ್ರಿ ಮಲಗುವಾಗ ನನ್ನ ಸೆರಗನ್ನು ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಮಲಗುತ್ತಾಳೆ. ನಾನು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಬಡಿಯುತ್ತಾಳೆ. ವರ್ಷದ ಹಿಂದೆಯೇ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಎಳ್ಳಮಾವಾಸ್ಯೆಗೆಂದು ಅವರು ಬಂದಾಗ ಓಡಿಹೋಗಿ ತೆಕ್ಕೆಗೆ ಬೀಳುತ್ತಾಳೆ ಎಂದುಕೊಂಡಿದ್ದೆವು. ಅವಳು ಬಾಗಿಲ ಹಿಂದೆ ನಿಂತು ನೋಡಿದಳು, ಚರಗ ಚೆಲ್ಲಲು ಹೊಲಕ್ಕೆ ಹೋಗುವವರೆಗೆ ಹತ್ತಿರ ಸುಳಿಯಲಿಲ್ಲ.

ಇನ್ನೊಂದು ವಾರಕ್ಕೆ ಅವರು ಮತ್ತೆ ಹೊರಡಬೇಕು, ಯುಗಾದಿಯವರೆಗೆ ಬರುವುದಿಲ್ಲ. ನಾನೂ ಹೋದರೆ ಎರಡು ಪಗಾರ ಬಂದು ಸಾಲ ತೀರುತ್ತದೆ ಎಂದು ಜೊತೆಯವರು ಹೇಳುತ್ತಿದ್ದಾರೆ. ಹೋದರೆ ಮಗಳನ್ನು ಅತ್ತೆಯವರ ಹತ್ತಿರ ಬಿಟ್ಟು ಮಗನನ್ನು ಮಾತ್ರ ಕರೆದೊಯ್ಯಬೇಕು. ನಾಲ್ಕು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಿದರೆ ತಿಳಿಯುತ್ತದೆಯೇ? ಹೇಳಿ ಅಳಿಸುವುದು ಸರಿಯೋ, ಹೇಳದೆ ಹೋಗುವುದು ಸರಿಯೋ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಸಿಂಧನೂರು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ತಂಗಿ, ನಿಮ್ಮ ಬರಹ ಓದಿ ನಮ್ಮ ಕೇಂದ್ರದ ಬಾಗಿಲೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಗುಳೆ ಹೋದವರ ಮಕ್ಕಳನ್ನು ಹಾಜರಿ ಪುಸ್ತಕ ನೋಡದೆಯೇ ಗುರುತಿಸಬಹುದು. ಅವರು ಗೋಡೆಯ ಪಕ್ಕ ಕೂರುವುದಿಲ್ಲ, ಬಾಗಿಲು ಕಾಣುವ ಜಾಗದಲ್ಲಿ ಕೂರುತ್ತಾರೆ. ಹೇಳಿ ಹೋದವರ ಮಕ್ಕಳು ಮೊದಲ ಎರಡು ಮೂರು ದಿನ ಜೋರಾಗಿ ಅಳುತ್ತಾರೆ, ಆಮೇಲೆ ಆಟಕ್ಕೆ ಸೇರುತ್ತಾರೆ. ಹೇಳದೆ ಹೋದವರ ಮಕ್ಕಳು ಅಳುವುದು ಕಡಿಮೆ, ಬಾಗಿಲು ನೋಡುವುದು ಹೆಚ್ಚು. ಇದು ಹದಿನೇಳು ವರ್ಷಗಳಿಂದ ನಾನು ನನ್ನ ಕಣ್ಣಿನಿಂದ ಕಂಡದ್ದು. ಆದ್ದರಿಂದ ನನ್ನ ಮಾತು ಒಂದೇ: ಹೇಳಿಯೇ ಹೋಗಲಿ.

ಹೇಳುವುದಕ್ಕೂ ಒಂದು ಹದವಿದೆ. ಹದಿನೈದು ದಿನ ಮೊದಲೇ ಹೇಳಿದರೆ ಮಗು ಹದಿನೈದು ದಿನವೂ ಕೊರಗುತ್ತದೆ, ಹೊಸ್ತಿಲಲ್ಲಿ ನಿಂತು ಹೇಳಿದರೆ ಬೆಚ್ಚುತ್ತದೆ. ಎರಡು ದಿನ ಮೊದಲು, ಹಗಲಿನಲ್ಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನೇ ಹೇಳಬೇಕು. ಅಜ್ಜಿಯೂ ಅಕ್ಕಪಕ್ಕದವರೂ ಅದೇ ಮಾತನ್ನು ಹೇಳಬೇಕು. ಅಪ್ಪ ಬೆಂಗಳೂರು ಎಂದು, ಅಜ್ಜಿ ಅಂಗಡಿ ಎಂದು, ಪಕ್ಕದ ಮನೆಯವರು "ನಿಮ್ಮಪ್ಪ ಇನ್ನ ಬರಂಗಿಲ್ಲ" ಎಂದು ತಮಾಷೆಗೆ ಹೇಳಿದರೆ ಮಗು ಯಾರನ್ನು ನಂಬಬೇಕು? ಆ ತಮಾಷೆಯನ್ನು ಮಾತ್ರ ಯಾರಿಗೂ ಮಾಡಲು ಬಿಡಬೇಡಿ.

ನಾಲ್ಕು ವರ್ಷದ ಮಗುವಿಗೆ ಮೂರು ತಿಂಗಳು ಎಂದರೆ ತಿಳಿಯುವುದಿಲ್ಲ, ಆದರೆ ಸಂತೆ ತಿಳಿಯುತ್ತದೆ. ಯುಗಾದಿಗೆ ಎಷ್ಟು ಸಂತೆ ಇವೆಯೋ ಅಷ್ಟು ಹುಣಸೆ ಬೀಜಗಳನ್ನು ಡಬ್ಬಿಯಲ್ಲಿ ಹಾಕಿಕೊಡಿ. ಪ್ರತಿ ಸಂತೆಯ ದಿನ ಒಂದು ಬೀಜವನ್ನು ಅವಳೇ ಹೊರಗೆ ತೆಗೆಯಲಿ. ಚೌಕಾಬಾರಾ ಆಡಿದ ಮಕ್ಕಳಿಗೆ ಹುಣಸೆ ಬೀಜದ ಲೆಕ್ಕ ಬೇಗ ಹಿಡಿಯುತ್ತದೆ.

ಹಾಸಿಗೆ ಒದ್ದೆ ಮಾಡುವುದಕ್ಕೆ ಬೈಯಬೇಡಿ, ಇತರರ ಮುಂದೆ ಆ ಮಾತೆತ್ತಲೂಬೇಡಿ. ಮನಸ್ಸು ತಿಳಿಯಾದ ಹಾಗೆ ಸಾಮಾನ್ಯವಾಗಿ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ಅಥವಾ ವಾರಗಟ್ಟಲೆ ಹಾಗೆಯೇ ಮುಂದುವರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ.

ಇನ್ನು ನಿಮ್ಮ ಮಗನ ವಿಷಯ. ಹದಿನಾರು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಲಸಿಕೆಯ ಎರಡನೇ ಡೋಸು, ಡಿಪಿಟಿ ಬೂಸ್ಟರ್, ಪೋಲಿಯೊ ಬೂಸ್ಟರ್ ಹಾಕಿಸಬೇಕು. ವಿಟಮಿನ್ ಎ ದ್ರಾವಣವೂ ಅದೇ ಹೊತ್ತಿಗೆ ಬರುತ್ತದೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕುಡಿಸಬೇಕು. ಅಂದರೆ ಗುಳೆ ಹೋಗುವ ತಿಂಗಳುಗಳಲ್ಲಿಯೇ ಇದು ಬೀಳುತ್ತದೆ, ನಮ್ಮಲ್ಲಿ ಬಹಳ ಮಕ್ಕಳಿಗೆ ತಪ್ಪಿಹೋಗುವುದೂ ಇಲ್ಲಿಯೇ. ಎಲ್ಲಿದ್ದರೂ ತಾಯಿ ಕಾರ್ಡು ಕೈಯಲ್ಲಿರಲಿ, ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯಾದರೂ ಉಚಿತವಾಗಿ ಹಾಕುತ್ತಾರೆ. ಎದೆಹಾಲನ್ನು ಎರಡು ವರ್ಷದವರೆಗೂ ಕೊಡಬಹುದು, ಮನೆಯಲ್ಲಿ ಇಷ್ಟೆಲ್ಲ ಬದಲಾಗುವ ಹೊತ್ತಿನಲ್ಲಿ ಅದನ್ನು ಒಮ್ಮೆಲೇ ಬಿಡಿಸಬೇಡಿ.

ದೇವದುರ್ಗ ತಾಲ್ಲೂಕಿನವನು, ಈಗ ರಾಯಚೂರಿನಲ್ಲಿ ವಾಸ

ಅಕ್ಕಾ, ನಾನು ನಿಮ್ಮ ಮಗಳ ಜಾಗದಲ್ಲಿದ್ದವನು. ಈ ಮಾತನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ನನಗೆ ಐದು ವರ್ಷವಿದ್ದಾಗ ಅಪ್ಪ ಅವ್ವ ಇಬ್ಬರೂ ಪುಣೆಗೆ ಗುಳೆ ಹೋದರು. ಆ ರಾತ್ರಿ ಅವ್ವ ನನ್ನನ್ನು ಮಾಳಿಗೆಯ ಮೇಲೆ ತನ್ನ ಪಕ್ಕದಲ್ಲಿಯೇ ಮಲಗಿಸಿಕೊಂಡಿದ್ದಳು. ಬೆಳಿಗ್ಗೆ ಎದ್ದಾಗ ನನ್ನ ತಲೆಯ ಕೆಳಗೆ ಅವಳ ಹಳೆಯ ಸೀರೆಯೊಂದು ಮಡಚಿ ಇಡಲಾಗಿತ್ತು. ಹೊಲಕ್ಕೆ ಹೋಗಿದ್ದಾಳೆ ಎಂದು ಅಜ್ಜಿ ಹೇಳಿದಳು. ನಾನು ಹೊಲಕ್ಕೆ ಹೋದೆ, ಅಲ್ಲಿರಲಿಲ್ಲ. ಬಾವಿಗೆ ಹೋಗಿದ್ದಾಳೆ ಎಂದರು, ಬಾವಿಯ ಹತ್ತಿರವೂ ಹೋಗಿ ನೋಡಿ ಬಂದೆ. ಸಂಜೆಯ ಹೊತ್ತಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು: ನಾನು ಮಲಗಿದ್ದಕ್ಕೇ ಅವ್ವ ಹೋದಳು. ಎಚ್ಚರವಾಗಿದ್ದಿದ್ದರೆ ಹೋಗುತ್ತಿರಲಿಲ್ಲ.

ದೊಡ್ಡವರಿಗೆ ಇದು ಮಗುವಿನ ಹುಚ್ಚು ಯೋಚನೆ ಎನ್ನಿಸಬಹುದು. ಆದರೆ ಮಗುವಿಗೆ ಕಾರಣ ಯಾರೂ ಕೊಡದಿದ್ದರೆ ಅದು ತಾನೇ ಒಂದು ಕಾರಣ ಕಂಡುಕೊಳ್ಳುತ್ತದೆ, ಆ ಕಾರಣದಲ್ಲಿ ತಪ್ಪು ತನ್ನದೇ ಆಗಿರುತ್ತದೆ. ಅವರು ಮಳೆಗಾಲಕ್ಕೆ ಊರಿಗೆ ಬಂದಾಗ ನಾನು ರಾತ್ರಿ ಮಲಗುತ್ತಿರಲಿಲ್ಲ. ಕಣ್ಣು ಎಳೆಯತೊಡಗಿದರೆ ತೊಡೆಗೆ ಚಿವುಟಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ತೂಕಡಿಸಿ ಗುರುಗಳಿಂದ ಪೆಟ್ಟು ತಿಂದದ್ದುಂಟು. ನಾಲ್ಕೈದು ವರ್ಷ ಹೀಗೆಯೇ ನಡೆಯಿತು, ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಅಪ್ಪ ಅವ್ವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೋಗದಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ನಾನು ಓದುತ್ತಲೂ ಇರಲಿಲ್ಲ. ನನ್ನ ಮದುವೆಯಾದ ಮೇಲೆ ಒಂದು ದಿನ ಅವ್ವ ತಾನಾಗಿಯೇ ಹೇಳಿದಳು: ಅಂದು ಊರ ಅಗಸೆಯವರೆಗೆ ಹೋದವಳು ಎರಡು ಸಲ ವಾಪಸು ಬಂದು ಮಾಳಿಗೆ ಹತ್ತಿ ನನ್ನ ಮುಖ ನೋಡಿ ಹೋಗಿದ್ದಳಂತೆ. ಎಬ್ಬಿಸಿದರೆ ತನಗೇ ಕಾಲು ಬರುವುದಿಲ್ಲ ಎಂದು ಎಬ್ಬಿಸಲಿಲ್ಲವಂತೆ. ಮಕ್ಕಳು ಅಳುತ್ತಾರೆ ಎಂದು ನಾವು ಹೇಳುತ್ತೇವೆ, ನಿಜವಾಗಿ ನಮ್ಮ ಅಳುವಿಗೆ ನಾವು ಹೆದರುತ್ತೇವೆ ಎಂದು ಅಂದಿನಿಂದ ನನಗೆ ಅನ್ನಿಸಿದೆ.

ನಿಮ್ಮ ಮಗಳು ಸೆರಗು ಸುತ್ತಿಕೊಳ್ಳುವುದು ಹಟವಲ್ಲ ಅಕ್ಕಾ, ಅದು ಅವಳ ಕಾವಲು. ದಯವಿಟ್ಟು ಬಿಡಿಸಬೇಡಿ.

ಮಾನ್ವಿಯ ಅಜ್ಜಿ (ಮೊಮ್ಮಗ ಟೈಪ್ ಮಾಡಿದ್ದು)

ನಮ್ಮ ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ.

ಹೇಳಿ ಹೋಗಬೇಕು ಎನ್ನುವವರು ಹೇಳಿ ಬಸ್ಸು ಹತ್ತುತ್ತಾರೆ, ಆಮೇಲೆ ಮಗುವನ್ನು ಎತ್ತಿಕೊಂಡು ಮನೆಗೆ ಬರುವವಳು ಅಜ್ಜಿ. ನಾನು ಐದು ಮೊಮ್ಮಕ್ಕಳನ್ನು ಹೀಗೆ ಸಾಕಿದ್ದೇನೆ. ಒಬ್ಬಳು ಉಸಿರು ಕಟ್ಟುವ ಹಾಗೆ ಅತ್ತು ನೀಲಿಯಾದಳು, ನನ್ನ ಕೈಕಾಲು ಆಡಲಿಲ್ಲ. ಅಂಗಡಿಗೆ ಹೋಗಿದ್ದಾನೆ ಎಂದು ಹೇಳಿದ ಆ ಹೆಣ್ಣುಮಗಳನ್ನು ಯಾರೂ ಬೈಯಬೇಡಿ. ಅವಳ ಬಾಯಿಗೆ ಆ ಹೊತ್ತಿಗೆ ಬಂದದ್ದು ಅದು. ಹೇಳಿ ಹೋಗುವುದಾದರೆ ಅಜ್ಜಿಗೂ ಕೂರಿಸಿ ಹೇಳಿ. ಎಷ್ಟು ದಿನ, ಖರ್ಚಿಗೆ ಎಷ್ಟು, ಮಗುವಿಗೆ ಜ್ವರ ಬಂದರೆ ಯಾರನ್ನು ಕರೆಯಬೇಕು ಎಂದು ನಮಗೂ ಯಾರೂ ಹೇಳುವುದಿಲ್ಲ. ನಮ್ಮನ್ನೂ ಮಲಗಿಸಿಯೇ ಹೋಗುತ್ತಾರೆ.

ಮಸ್ಕಿ ಕಡೆಯವಳು, ಎರಡು ವರ್ಷ ಬೆಂಗಳೂರಿನಲ್ಲಿದ್ದು ವಾಪಸಾದವಳು

ಅಜ್ಜಿಯ ಕೊನೆಯ ಮಾತನ್ನು ಎರಡು ಸಲ ಓದಿದೆ. ನಾನು ಮಕ್ಕಳನ್ನು ಕರೆದುಕೊಂಡು ಹೋದವಳು, ಆದ್ದರಿಂದ ಆ ದಾರಿ ಹೇಗಿರುತ್ತದೆ ಎಂದು ಬರೆಯುತ್ತೇನೆ. ಮಕ್ಕಳು ಜೊತೆಗಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನೂ ನಂಬಿದ್ದೆ.

ನಾವಿದ್ದದ್ದು ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಇಳಿದರೆ ಸಂಜೆ ಆರು. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳುವವರು ಇರಲೇಬೇಕಿತ್ತು. ನಾವಿದ್ದ ಕಡೆ ಹೆಣ್ಣಾಳುಗಳು ಹನ್ನೆರಡು ಜನ, ಹಾಗಾಗಿ ಆ ಮಾತೇ ಬರಲಿಲ್ಲ. ಮೂರು ವರ್ಷದ ಮಗಳನ್ನು ಆರು ವರ್ಷದ ಮಗನ ಕೈಗೆ ಕೊಟ್ಟು ಕೆಲಸ ಮಾಡಿದೆ. ಒಂದು ದಿನ ಅವಳು ಮುಚ್ಚದೆ ಬಿಟ್ಟಿದ್ದ ನೀರಿನ ಸಂಪಿನ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟು ಆಡುತ್ತಿದ್ದಳು. ಒಬ್ಬ ಗಾರೆ ಕೆಲಸದವರು ನೋಡಿ ಎತ್ತಿಕೊಂಡರು. ಮೇಸ್ತ್ರಿಯನ್ನು ಕೇಳಿದರೆ "ಮಕ್ಕಳನ್ನು ಯಾಕೆ ತಂದೆ?" ಎಂದನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಗ ಒಂದು ವರ್ಷ ಶಾಲೆಗೆ ಹೋಗಲೇ ಇಲ್ಲ. ಅವನಿಗೆ ಅಲ್ಲಿ ಆಟವಾಡಲು ಯಾರೂ ಇರಲಿಲ್ಲ ಎಂದು ಹೇಳಲಾರೆ, ಬಿಹಾರದವರ, ಒಡಿಶಾದವರ ಮಕ್ಕಳಿದ್ದರು, ಅವರ ಮಾತನ್ನೂ ಕಲಿತ. ಆದರೆ ತಂಗಿಯನ್ನು ಕಾಯುವುದೇ ಅವನ ಕೆಲಸವಾಗಿಬಿಟ್ಟಿತು. ಈಗ ಊರಿನಲ್ಲಿಯೂ ಅವಳು ಕಣ್ಣಿಗೆ ಕಾಣದಿದ್ದರೆ ಊಟದ ತಟ್ಟೆ ಬಿಟ್ಟು ಎದ್ದುಹೋಗುತ್ತಾನೆ.

ಹೋಗುವುದೇ ಆದರೆ ಮೊದಲು ನಿಮ್ಮ ಯಜಮಾನರು ಹೋಗಿ ಮೂರು ವಿಷಯ ನೋಡಿಕೊಂಡು ಬರಲಿ: ಸಂಪಿಗೆ ಮುಚ್ಚಳವಿದೆಯೇ, ಹಗಲು ಮಕ್ಕಳನ್ನು ಯಾರು ನೋಡುತ್ತಾರೆ, ಅಂಗನವಾಡಿ ಎಷ್ಟು ದೂರ. ಊರಿನಲ್ಲಿಯೇ ಉಳಿಯುವುದಾದರೆ ನಿಮ್ಮ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು ಮಾಡಿರುವ ಕೂಸಿನ ಮನೆ ತೆರೆದಿದೆಯೇ ಎಂದು ವಿಚಾರಿಸಿ.

ಕಾರಟಗಿ ಕಡೆಯ ತಾಯಿ

ಎಲ್ಲರಿಗೂ ಕೈಮುಗಿಯುತ್ತೇನೆ. ದೇವದುರ್ಗದ ಅಣ್ಣ ಬರೆದದ್ದನ್ನು ನನ್ನ ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದರು. ಮಾನ್ವಿಯ ಅಜ್ಜಿಯ ಮಾತನ್ನು ಅತ್ತೆಯವರಿಗೆ ಓದಿದಾಗ ಅವರು, "ಈಕಿ ಯಾರೋ ಖರೇ ಹೇಳ್ಯಾಳ" ಎಂದರು.

ನಾನು ಹೋಗುವುದಿಲ್ಲ ಎಂದು ಈಗ ಹೆಚ್ಚು ಕಡಿಮೆ ತೀರ್ಮಾನಿಸಿದ್ದೇವೆ. ಸಂಪಿನ ವಿಷಯ ಓದಿದ ಮೇಲೆ ಮಗನನ್ನು ಕರೆದೊಯ್ಯುವ ಧೈರ್ಯ ಬರುತ್ತಿಲ್ಲ, ಬಿಟ್ಟುಹೋಗಲಂತೂ ಆಗುವುದಿಲ್ಲ. ನೀರಾವರಿಯಿಲ್ಲದ ಕಪ್ಪು ಭೂಮಿಯ ಕಡೆ ಕಡಲೆ ಕೀಳಲು, ಮೆಣಸಿನಕಾಯಿ ಬಿಡಿಸಲು ಆಳು ಬೇಕಂತೆ, ಊರಿನಿಂದ ಟಂಟಂ ಹೋಗುತ್ತದೆ. ಅದಕ್ಕಾದರೂ ಹಗಲೆಲ್ಲ ಮನೆಬಿಡಬೇಕು. ಅದೂ ನಸುಕಿನಲ್ಲಿ, ಮಕ್ಕಳು ಮಲಗಿರುವಾಗಲೇ. ಒಂದು ದಿನದ ಕೂಲಿಗೂ ಎಬ್ಬಿಸಿ ಹೇಳಿ ಹೋಗಬೇಕೇ?

ಸಿಂಧನೂರು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ಎಬ್ಬಿಸಿ ತಂಗಿ. ಈಗ ನಿಮ್ಮ ಮಗಳಿಗೆ ನಿದ್ದೆಯ ಮೇಲೆಯೇ ನಂಬಿಕೆ ಹೋಗಿದೆ. ಎಬ್ಬಿಸಿ, ಕೆನ್ನೆ ಮುಟ್ಟಿ, ಹೋಗಿ ಬರುತ್ತೇನೆ ಎಂದು ಹೇಳಿ ಮತ್ತೆ ಮಲಗಿಸಿ. ನಾವು ಮನೆ ಬಿಡುವಾಗ "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿ ಬರುತ್ತೇನೆ" ಎನ್ನುತ್ತೇವಲ್ಲವೇ? ಆ "ಬರುತ್ತೇನೆ" ಅವಳ ಕಿವಿಗೆ ಬೀಳಲಿ. ಸಂಜೆ ಬಂದ ಕೂಡಲೇ ನೀರಿಗೋ ಒಲೆಗೋ ಹೋಗದೆ ಮೊದಲು ಅವಳ ಹತ್ತಿರ ಹೋಗಿ. ಹಗಲು ಮಗನಿಗೆ ಅತ್ತೆಯವರು ಮೆತ್ತಗಿನ ಅನ್ನ ಬೇಳೆ, ಒಂದು ಮೊಟ್ಟೆ, ಬಾಳೆಹಣ್ಣು ಕೊಡಲಿ, ಬೆಳಿಗ್ಗೆ ಸಂಜೆ ಎದೆಹಾಲು ನಡೆಯಲಿ. ತಿಂಗಳಿಗೊಮ್ಮೆ ಇಬ್ಬರನ್ನೂ ಕೇಂದ್ರಕ್ಕೆ ಕರೆತಂದು ತೂಕ ಮಾಡಿಸಿ. ರಟ್ಟೆಯ ಸುತ್ತಳತೆ ನೋಡುವ ಪಟ್ಟಿಯಲ್ಲಿ 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಗು ಸೊರಗುತ್ತಿದೆ ಎಂದು ಅರ್ಥ, 11.5ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ತೋರಣಗಲ್ಲಿನಲ್ಲಿ ಪಾಳಿ ಕೆಲಸ ಮಾಡುವ ತಂದೆ

ನಾನು ಮನೆಯಲ್ಲಿಯೇ ಇದ್ದೂ ಮಕ್ಕಳಿಗೆ ಸಿಗದವನು, ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಒಂದು ಮಾತು ಮಾತ್ರ ಹೇಳುತ್ತೇನೆ. ಫೋನಿಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ಮಕ್ಕಳ ರಾತ್ರಿಯ ಊಟದ ನಂತರ ಎಂದರೆ ದಿನವೂ ಅದೇ ಹೊತ್ತು. ಐದು ನಿಮಿಷ ಸಾಕು. "ಓದಿದಿಯಾ, ಹಟ ಮಾಡಿದಿಯಾ" ಎಂದು ವಿಚಾರಣೆ ಮಾಡಿದರೆ ಮಗು ಫೋನ್ ಬಿಟ್ಟು ಓಡುತ್ತದೆ. ಇವತ್ತು ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು ಎಂದು ಕೇಳಿದರೆ ಕಾಲು ಗಂಟೆ ಮಾತನಾಡುತ್ತದೆ.

ಕೊಪ್ಪಳದ ನಿವೃತ್ತ ಶಿಕ್ಷಕ

ಮಸ್ಕಿಯ ತಾಯಿಯವರು ಮಗನ ಶಾಲೆ ತಪ್ಪಿದ್ದನ್ನು ಬರೆದದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬೇರೆ ಊರಿಗೆ ಹೋದರೂ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಬಹುದು. ಚರ್ಚೆ ಆರಂಭಿಸಿದ ತಾಯಿಯವರ ಮಗಳಿಗೆ ಇನ್ನೂ ಸಮಯವಿದೆ, ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವಿದೆ. 2025-26ನೇ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು.

ನಾನು ಕೆಲಸ ಮಾಡಿದ ಊರುಗಳಲ್ಲಿ ಜನವರಿಯಿಂದ ಮಾರ್ಚಿನವರೆಗೆ ತರಗತಿಯಲ್ಲಿ ಖಾಲಿ ಜಾಗಗಳು ಕಾಣುತ್ತಿದ್ದವು. ವಾಪಸು ಬಂದ ಮಕ್ಕಳನ್ನು "ಯಾಕೆ ಬರಲಿಲ್ಲ?" ಎಂದು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದೆ. ಈಗ ಇದನ್ನೆಲ್ಲ ಓದಿದ ಮೇಲೆ ಆ ಪ್ರಶ್ನೆಯನ್ನು ಮಕ್ಕಳಿಗೆ ಕೇಳಬಾರದಾಗಿತ್ತು ಎನ್ನಿಸುತ್ತಿದೆ.

ಕಾರಟಗಿ ಕಡೆಯ ತಾಯಿ (ಯುಗಾದಿಯ ನಂತರ)

ಏನಾಯಿತು ಎಂದು ಕೆಲವರು ಕೇಳಿದ್ದೀರಿ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಹೊರಡುವ ಎರಡು ದಿನ ಮೊದಲು ಅವರು ಮಗಳನ್ನು ಗದ್ದೆಗೆ ಕರೆದುಕೊಂಡು ಹೋಗಿ ಬತ್ತಿದ ಕಾಲುವೆಯನ್ನು ತೋರಿಸಿದರು. ನೀರು ಬಂದಿಲ್ಲ, ಭತ್ತ ಇಲ್ಲ, ಅದಕ್ಕೆ ಅಪ್ಪ ದೂರದ ಊರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಬೇಕು, ಹನ್ನೆರಡು ಸಂತೆ ಆದ ಮೇಲೆ ಬರುತ್ತೇನೆ ಎಂದು ಹೇಳಿದರು. ಅವಳು ಕೇಳಿದ್ದು ಒಂದೇ: "ಅಂಗಡಿಗೆ ಅಲ್ಲಾ?" ಅಲ್ಲ ಎಂದರು. ಹೋಗುವ ದಿನ ಬಸ್ ನಿಲ್ದಾಣದವರೆಗೆ ಅವರ ಚೀಲದ ಒಂದು ಕಿವಿಯನ್ನು ತಾನೇ ಹಿಡಿದುಕೊಂಡು ನಡೆದಳು. ಬಸ್ಸು ಹೊರಟಾಗ ಬಹಳ ಅತ್ತಳು. ಅತ್ತೆಯವರೂ ಅತ್ತರು, ನಾನೂ ಅತ್ತೆ. ಮರುದಿನ ಅಂಗನವಾಡಿಯಿಂದ ನೇರವಾಗಿ ಮನೆಗೆ ಬಂದಳು.

ಹನ್ನೆರಡು ಹುಣಸೆ ಬೀಜಗಳನ್ನು ಹಳೆಯ ಕುಂಕುಮದ ಡಬ್ಬಿಯಲ್ಲಿ ಹಾಕಿಕೊಟ್ಟೆವು. ಸಂತೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಒಂದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ರಾತ್ರಿ ಎಂಟಕ್ಕೆ ಫೋನ್ ಬಂದಾಗ ಡಬ್ಬಿಯನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿ, ಎಷ್ಟು ಉಳಿದಿವೆ ಎಂದು ಅಪ್ಪನಿಂದಲೇ ಹೇಳಿಸುತ್ತಿದ್ದಳು. ನಾನು ಕಡಲೆ ಕೀಳಲು ಹೋಗುವ ದಿನಗಳಲ್ಲಿ ನಸುಕಿನಲ್ಲಿ ಎಬ್ಬಿಸಿ ಹೇಳಿದೆ. ಮಲಗಿದ ಕೂಸನ್ನು ಎಬ್ಬಿಸುತ್ತಾಳೆ ಎಂದು ಅತ್ತೆಯವರು ಮೊದಲ ವಾರ ಮುನಿಸಿಕೊಂಡಿದ್ದರು. ಅವಳು ಅರೆಗಣ್ಣಿನಲ್ಲಿ "ಹೂಂ, ಹೋಗಿ ಬಾ" ಎಂದು ಮಗ್ಗುಲು ಬದಲಿಸುವುದನ್ನು ನೋಡಿದ ಮೇಲೆ ಸುಮ್ಮನಾದರು. ಹಾಸಿಗೆ ಒದ್ದೆಯಾಗುವುದು ಆರನೇ ಬೀಜದ ಹೊತ್ತಿಗೆ ನಿಂತಿತು. ಮಗನಿಗೆ ಹದಿನಾರು ತಿಂಗಳ ಲಸಿಕೆ ಹಾಕಿಸಿದೆ, ಎರಡು ದಿನ ಜ್ವರ ಬಂದು ಹೋಯಿತು.

ಆದರೆ ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಸ್ಲ್ಯಾಬ್ ಮುಗಿಯುವವರೆಗೆ ಲೆಕ್ಕ ಚುಕ್ತಾ ಮಾಡುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದರಿಂದ ಯುಗಾದಿಗೆ ಅವರು ಬರುವುದು ಸಾಧ್ಯವಾಗಲಿಲ್ಲ, ಇನ್ನೂ ಎರಡು ವಾರ ಬೇಕಾಯಿತು. ಡಬ್ಬಿಯಲ್ಲಿ ಒಂದೇ ಬೀಜ ಉಳಿದಿತ್ತು. ಅವಳು ಮಲಗಿದ ಮೇಲೆ ಅತ್ತೆಯವರು ಮೆಲ್ಲಗೆ ಹೇಳಿದರು, ಎರಡು ಬೀಜ ಹಾಕಿಬಿಡು, ಅವಳಿಗೇನು ತಿಳಿಯುತ್ತದೆ ಎಂದು. ನಾನು ಬೀಜಗಳನ್ನು ಕೈಯಲ್ಲಿ ಹಿಡಿದು ಡಬ್ಬಿಯ ಮುಚ್ಚಳವನ್ನೂ ತೆರೆದಿದ್ದೆ. ಹಾಕುವುದು ಎಷ್ಟು ಸುಲಭವಾಗಿತ್ತು ಎಂದು ಈಗಲೂ ನೆನಪಾಗುತ್ತದೆ. ಅವಳು ಹಗಲೆಲ್ಲ ಆ ಡಬ್ಬಿ ಅಲ್ಲಾಡಿಸಿ ಸದ್ದು ಕೇಳುವವಳು. ಮುಚ್ಚಳ ಮುಚ್ಚಿಟ್ಟೆ.

ಮರುದಿನ ರಾತ್ರಿ ಅವರೇ ಫೋನಿನಲ್ಲಿ ಹೇಳಿದರು: ಕೆಲಸ ಮುಗಿದಿಲ್ಲ, ಇನ್ನೂ ಎರಡು ಬೀಜ ಬೇಕವ್ವಾ ಎಂದು. ಅವಳು ಡಬ್ಬಿಯನ್ನು ಗೋಡೆಗೆ ಎಸೆದು, ಕಿಟಕಿಯ ಮೇಲಿದ್ದ ಸಾಲನ್ನೆಲ್ಲ ಚೆಲ್ಲಾಡಿ, "ನೀ ಸುಳ್ಳ ಹೇಳ್ತಿ" ಎಂದು ಕಿರುಚಿದಳು. ಅವರು ಫೋನ್ ಇಡಲಿಲ್ಲ. ಹೌದು, ಹೇಳಿದ ದಿನಕ್ಕೆ ಬರಲು ನನಗೆ ಆಗಲಿಲ್ಲ, ತಪ್ಪಾಯಿತು ಎಂದು ಅವಳಿಗೆ ಮತ್ತೆ ಮತ್ತೆ ಹೇಳಿದರು. ಅವಳು ಅಜ್ಜಿಯ ತೊಡೆಯ ಮೇಲೆ ಅತ್ತು ಅತ್ತು ಹಾಗೆಯೇ ಮಲಗಿದಳು. ಸೆರಗು ಹಿಡಿಯಲಿಲ್ಲ.

ಬೇವು ಬೆಲ್ಲದ ಮರುದಿನ ಅತ್ತೆಯವರು ಅಂಗಳದಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಅವಳು ಸ್ವಲ್ಪ ಹೊತ್ತು ನೋಡುತ್ತ ನಿಂತು, ರಾಶಿಯಿಂದ ಎರಡು ಬೀಜಗಳನ್ನು ಆರಿಸಿ, ಲಂಗಕ್ಕೆ ಒರೆಸಿ, ಮೂಲೆಯಲ್ಲಿ ಬಿದ್ದಿದ್ದ ಡಬ್ಬಿಯನ್ನು ಹುಡುಕಿ ತಂದು ಅದರೊಳಗೆ ಹಾಕಿದಳು. ಅಜ್ಜಿ ಇನ್ನೊಂದನ್ನು ಕೊಡಲು ಹೋದರೆ, "ಎರಡ ಅಂದಾನ" ಎಂದು ತಿರುಗಿ ಕೊಟ್ಟಳು.

ಸಾಲ ಅರ್ಧ ತೀರಿದೆ, ಉಳಿದರ್ಧಕ್ಕೆ ಮುಂಗಾರಿನ ಬೆಳೆ ನೋಡಬೇಕು. ನಿನ್ನೆ ಸಂತೆಯಿತ್ತು. ಡಬ್ಬಿಯಲ್ಲಿ ಈಗ ಒಂದು ಬೀಜ ಉಳಿದಿದೆ.